ಸಮನ್ಸ್ ಬಂದ ಮೇಲಿನ ಮೂವತ್ತು ದಿನ

ಬೆಳಿಗ್ಗೆ ಹನ್ನೊಂದು ಗಂಟೆ. ಗಾಂಧಿನಗರದ ಅಡ್ಡರಸ್ತೆಯೊಂದರಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ಅದರ ಪಕ್ಕದಲ್ಲಿ ಒಬ್ಬರು ಮಾತ್ರ ನುಸುಳಬಹುದಾದ ಓಣಿ, ಓಣಿಯ ಕೊನೆಗೆ ಎರಡು ಕೋಣೆಯ ಮನೆ. ಅಲ್ಲಿ ನೀವಿದ್ದೀರಿ. ಅಣ್ಣಮ್ಮನ ಗುಡಿ ಕೂಗಳತೆಯಲ್ಲಿದೆ. ಮೆಜೆಸ್ಟಿಕ್ಕಿನ ಬಸ್ಸುಗಳ ಹಾರ್ನು ಇಡೀ ದಿನ ಕೇಳುತ್ತದೆ. ನಿಮಗೆ ಹೆಸರಿಡುವ ಅಗತ್ಯವಿಲ್ಲ; ನಿಮ್ಮಂಥವರು ಈ ಬಡಾವಣೆಯಲ್ಲಿ, ಚಿಕ್ಕಪೇಟೆಯಲ್ಲಿ, ಚಾಮರಾಜಪೇಟೆಯ ವಠಾರಗಳಲ್ಲಿ ಓಣಿಗೊಬ್ಬರು ಸಿಗುತ್ತಾರೆ. ವಯಸ್ಸು ಐವತ್ತೆರಡು. ಬಾಡಿಗೆ ತಿಂಗಳಿಗೆ 2,800 ರೂಪಾಯಿ.

ಈ ಮನೆಗೆ ನಿಮ್ಮನ್ನು ಕರೆತಂದವರು ನಿಮ್ಮ ಯಜಮಾನರು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳಿಗೆ ಪೋಸ್ಟರ್ ಅಂಟಿಸುವುದು ಅವರ ಕೆಲಸವಾಗಿತ್ತು. ಸಾಗರ್ ಹೋಯಿತು, ಕಪಾಲಿ ಹೋಯಿತು, ಪೋಸ್ಟರಿನ ಕೆಲಸವೂ ಹೋಯಿತು. ಅವರು ತೀರಿಕೊಂಡು ಮೂರು ವರ್ಷ. ಅವರಿದ್ದಷ್ಟು ದಿನ ಮನೆ ನಡೆದದ್ದು ಅವರ ದುಡಿಮೆಯಲ್ಲೇ. ಈಗ ನೀವು ಹತ್ತಿರದ ಲಾಡ್ಜೊಂದರ ಮೆಸ್ಸಿನಲ್ಲಿ ಅಡುಗೆ ಮಾಡುತ್ತೀರಿ. ಬೆಳಗಿನ ತಿಂಡಿ ಮುಗಿಸಿ ಮನೆಗೆ ಬಂದು ಕಾಲು ಚಾಚಿ ಕೂರುವ ಹೊತ್ತು ಇದು.

ಬಾಗಿಲಲ್ಲಿ ಒಬ್ಬರು ನಿಂತಿದ್ದಾರೆ. ಕೈಯಲ್ಲಿ ಕಾಗದದ ಕಟ್ಟು.

“ಕೋರ್ಟಿಂದ ಬಂದಿದೀನಮ್ಮ. ಸಮನ್ಸ್ ಇದೆ. ಇಲ್ಲಿ ಸೈನ್ ಹಾಕಿ ತಗೊಳ್ಳಿ.”

ನಿಮ್ಮ ಕೈ ಮುಂದೆ ಹೋಗುವುದಿಲ್ಲ. ಪಕ್ಕದ ಮನೆಯವಳು ಕಿಟಕಿಯಿಂದಲೇ ಕೂಗುತ್ತಾಳೆ: “ತಗೋಬೇಡಿ ಅಕ್ಕಾ! ತಗೊಂಡ್ರೆ ಒಪ್ಕೊಂಡ ಹಾಗೆ!”

ಇಲ್ಲೇ ಒಂದು ಕ್ಷಣ ನಿಲ್ಲಬೇಕು. ಬೆಂಗಳೂರಿನ ಎಷ್ಟೋ ಬಾಡಿಗೆದಾರರು ಮನೆ ಕಳೆದುಕೊಳ್ಳುವುದು ನ್ಯಾಯಾಧೀಶರ ಎದುರಿನಲ್ಲಲ್ಲ, ಈ ಹೊಸ್ತಿಲಿನಲ್ಲಿ. ಸಮನ್ಸ್ ಬೇಡ ಎಂದರೆ ಅಮೀನರು ಅದರ ಪ್ರತಿಯನ್ನು ಬಾಗಿಲಿಗೆ ಅಂಟಿಸಿ, ತೆಗೆದುಕೊಳ್ಳಲಿಲ್ಲ ಎಂದು ಷರಾ ಬರೆದು ಹೊರಟುಬಿಡುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅದು ನಿಮಗೆ ಮುಟ್ಟಿದ ಹಾಗೆಯೇ. ಸಮನ್ಸಿನಲ್ಲಿ ಬರೆದ ವಾಯಿದೆಯ ದಿನ ನಿಮ್ಮ ಹೆಸರು ಕೂಗುತ್ತಾರೆ, ಯಾರೂ ಓಗೊಡುವುದಿಲ್ಲ, ಕೇಸು ಎಕ್ಸ್‌ಪಾರ್ಟಿ ಆಗುತ್ತದೆ, ಅಂದರೆ ನಿಮ್ಮ ಮಾತು ಕೇಳದೆಯೇ ಮುಂದೆ ನಡೆಯುತ್ತದೆ. ಸಮನ್ಸ್ ತೆಗೆದುಕೊಂಡರೆ ಯಾವುದನ್ನೂ ಒಪ್ಪಿಕೊಂಡಂತಲ್ಲ. ಕೇಸು ಹಾಕಿದ್ದಾರೆಂದು ತಿಳಿಯಿತು ಎಂಬುದಕ್ಕಷ್ಟೇ ಆ ಸಹಿ.

ನೀವು ಸೈನ್ ಹಾಕುತ್ತೀರಿ. ಕಾಗದ ಕೈಗೆ ಬರುತ್ತದೆ. ಎಲ್ಲ ಇಂಗ್ಲಿಷಿನಲ್ಲಿದೆ.

ನಾಲ್ಕು ತಿಂಗಳ ಹಿಂದೆಯೂ ಇಂಥದ್ದೇ ಒಂದು ರಿಜಿಸ್ಟರ್ಡ್ ಕವರ್ ಬಂದಿತ್ತು. ಯಾರೋ ವಕೀಲರ ನೋಟಿಸು. ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಿ ಎಂದಿದೆಯಂತೆ ಎಂದು ಅಂಗಡಿಯ ಹುಡುಗ ಓದಿ ಹೇಳಿದ್ದ. ನೀವದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿರಿ. ಹಳೆಯ ಓನರ್ ಇದ್ದಾಗ ಇಂಥದ್ದೇನೂ ಇರಲಿಲ್ಲ. ಅವರು ಹೋದ ಮೇಲೆ ಜಾಗ ಮಗನ ಹೆಸರಿಗೆ ಬಂದಿದೆ. ಮಗ ಕೆಟ್ಟವರೇನಲ್ಲ. ಹಳೇ ಕಟ್ಟಡ ಕೆಡವಿ ಲಾಡ್ಜ್ ಕಟ್ಟಬೇಕೆಂದಿದ್ದಾರೆ. ಮೂರು ತಿಂಗಳಿಂದ ಬಾಡಿಗೆ ಕೊಡಲು ಹೋದರೆ “ಬೇಡಮ್ಮಾ, ವಕೀಲರು ತಗೋಬೇಡಿ ಅಂದಿದಾರೆ” ಎಂದು ವಾಪಸು ಕಳಿಸುತ್ತಿದ್ದಾರೆ. ನೀವು ಆ ದುಡ್ಡನ್ನು ಖರ್ಚು ಮಾಡದೆ ಡಬ್ಬಿಯಲ್ಲಿಟ್ಟಿದ್ದೀರಿ.

ಸಮನ್ಸಿನ ಮೇಲೆ ಒಂದು ತಾರೀಖು ಇದೆ. ಇಂದಿಗೆ ಇಪ್ಪತ್ತೊಂದನೇ ದಿನ.

*

ಮರುದಿನ ಬೆಳಿಗ್ಗೆ ಮೆಸ್ಸಿಗೆ ರಜೆ ಹೇಳಿ ಹೊರಡುತ್ತೀರಿ. ಬಸ್ಸು ಬೇಕಿಲ್ಲ. ಕೆಂಪೇಗೌಡ ರಸ್ತೆ ಹಿಡಿದು, ಬೆಳಗಿನ ಆಟಕ್ಕೆ ನಿಂತ ಹುಡುಗರನ್ನು ದಾಟಿ, ಮೈಸೂರು ಬ್ಯಾಂಕ್ ಸರ್ಕಲ್ಲಿನ ಸಿಗ್ನಲ್ ದಾಟಿದರೆ ಅದೇ ರಸ್ತೆಯಲ್ಲಿ ಕಂದಾಯ ಭವನ, ಕಾವೇರಿ ಭವನ, ಸಿಟಿ ಸಿವಿಲ್ ಕೋರ್ಟಿನ ಆವರಣ. ಇಷ್ಟು ವರ್ಷ ಈ ಗೇಟಿನ ಮುಂದೆ ಓಡಾಡಿದ್ದೀರಿ, ಒಳಗೆ ಕಾಲಿಟ್ಟಿರಲಿಲ್ಲ.

ಗೇಟಿನಲ್ಲಿ ಪೊಲೀಸರು ಚೀಲ ನೋಡಿ ಬಿಡುತ್ತಾರೆ. ಒಳಗೆ ಕರಿ ಕೋಟುಗಳ ಪ್ರವಾಹ. ಜೆರಾಕ್ಸ್ ಯಂತ್ರಗಳ ಗರಗರ, ಛಾಪಾ ಕಾಗದ ಹಿಡಿದವರ ಸಾಲು, ನೋಟರಿಯ ಸೀಲು ಬೀಳುವ ಸದ್ದು. ಬಾಡಿಗೆ ಕೇಸುಗಳನ್ನು ಇಲ್ಲಿ ವಿಚಾರಿಸುವುದು ಸ್ಮಾಲ್ ಕಾಸಸ್ ಕೋರ್ಟು. ದಂಡಿನ ಮೇಯೋ ಹಾಲ್‌ನಲ್ಲೂ ಆ ಕೋರ್ಟುಗಳು ಕೂರುತ್ತವೆ. ನಿಮ್ಮ ಕೇಸು ಯಾವ ಆವರಣದಲ್ಲಿ, ಯಾವ ಹಾಲಿನಲ್ಲಿ ಎಂಬುದನ್ನು ಸಮನ್ಸಿನಿಂದಲೇ ತಿಳಿಯಬೇಕು.

“ಲಾಯರ್ ಬೇಕಾ ಅಮ್ಮಾ? ಏನು ಕೇಸು?” ಒಬ್ಬ ಹತ್ತಿರ ಬರುತ್ತಾನೆ. “ಮನೆ ಖಾಲಿ ಮಾಡ್ಸೋ ಕೇಸಾ? ಹತ್ತು ವರ್ಷ ಎಳೆಯೋಣ ಬಿಡಿ. ಮೊದಲು ಇಪ್ಪತ್ತೈದು ಸಾವಿರ ಕೊಡಿ.”

ಇಪ್ಪತ್ತೈದು ಸಾವಿರ ನಿಮ್ಮಲ್ಲಿಲ್ಲ. ಹತ್ತು ವರ್ಷ ಎಳೆಯುವುದೂ ನಿಮಗೆ ಬೇಕಿಲ್ಲ. ತಲೆಯ ಮೇಲೆ ಸೂರು ಬೇಕು, ಇನ್ನೊಂದು ಮನೆ ಹುಡುಕುವಷ್ಟು ಸಮಯ ಬೇಕು, ಅಷ್ಟೇ. ತಲೆಯಾಡಿಸಿ ಮುಂದೆ ಹೋಗುತ್ತೀರಿ. ಕಾವಲಿನ ಮಹಿಳಾ ಪೇದೆಯನ್ನು ಕೇಳುತ್ತೀರಿ. ಆಕೆ ಸಮನ್ಸ್ ನೋಡಿ ಹೇಳುತ್ತಾಳೆ: “ದುಡ್ಡು ಕೊಟ್ಟು ಲಾಯರ್ ಇಡೋಕಾಗಲ್ವಾ? ಹಾಗಾದ್ರೆ ನ್ಯಾಯ ಸೇವಾ ಸದನಕ್ಕೆ ಹೋಗಿ. ಇದೇ ಕಾಂಪೌಂಡು.”

*

ಸದನದಲ್ಲಿರುವುದು ಬೆಂಗಳೂರು ನಗರ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಬೆಂಚಿನ ಮೇಲೆ ಹತ್ತಾರು ಜನ. ನೀವು ಒಂದು ಮೂಲೆಯಲ್ಲಿ ಕೂರುತ್ತೀರಿ.

ಪಕ್ಕದಲ್ಲಿ ಚಾಮರಾಜಪೇಟೆಯ ಎಳೆಯ ದಂಪತಿ, ಮಡಿಲಲ್ಲಿ ಮಗು. ಅವರದು ಲೀಸ್ ಮನೆ, ಹಿರಿಯರು ಭೋಗ್ಯ ಎನ್ನುವಂಥದ್ದು. ಎಂಟು ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಮೂರು ವರ್ಷಕ್ಕೆಂದು ಸೇರಿದವರು. ಕಳೆದ ವಾರ ಮನೆಯ ಗೋಡೆಗೆ ಬ್ಯಾಂಕಿನವರು ಸ್ವಾಧೀನದ ನೋಟಿಸು ಅಂಟಿಸಿದ್ದಾರೆ. ಓನರ್ ಸಾಲ ತೀರಿಸಿಲ್ಲ, ಫೋನ್ ಎತ್ತುತ್ತಿಲ್ಲ. ಕರಾರು ಪತ್ರ ನೂರು ರೂಪಾಯಿಯ ಛಾಪಾ ಕಾಗದದಲ್ಲಿದೆ, ರಿಜಿಸ್ಟರ್ ಆಗಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸನ್ನು ನೋಂದಾಯಿಸಲೇಬೇಕು. ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಹಾಜರುಪಡಿಸಬೇಕಾದರೆ ಬಾಕಿ ಶುಲ್ಕದ ಜತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕು. 1957ರ ಕರ್ನಾಟಕ ಸ್ಟ್ಯಾಂಪ್ ಕಾಯ್ದೆ ಹೇಳುವುದು ಹೀಗೆ. ಬ್ಯಾಂಕಿನ ಕ್ರಮವನ್ನು ಬಾಡಿಗೆದಾರರು ಪ್ರಶ್ನಿಸಬೇಕಾದದ್ದು ಇಲ್ಲಲ್ಲ, ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ. ಬ್ಯಾಂಕುಗಳಿಗೆ ಸ್ವಾಧೀನದ ಅಧಿಕಾರ ಕೊಡುವ ಕಾಯ್ದೆಯ 2016ರ ತಿದ್ದುಪಡಿ ಅವರಿಗೆ ಆ ದಾರಿ ತೆರೆದಿದೆ. ಅಡಮಾನಕ್ಕಿಂತ ಮುಂಚಿನದು, ಸರಿಯಾಗಿ ಆದದ್ದು ಎಂದು ತೋರಿಸಬಲ್ಲ ಬಾಡಿಗೆಗೆ ರಕ್ಷಣೆಯುಂಟು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಇವರಿಗೆ ಇದೊಂದೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಊರಿನ ಜಮೀನು ಮಾರಿದ ದುಡ್ಡು ಅದು.

ಆಚೆ ಕಡೆ ಒಬ್ಬ ಮುದುಕರು. ಅವರ ಕೈಯಲ್ಲಿರುವುದು ಸಮನ್ಸ್ ಅಲ್ಲ, ಡಿಕ್ರಿ. ಯಾರೋ ಹೇಳಿದರೆಂದು ಎರಡು ಸಲ ಸಮನ್ಸ್ ವಾಪಸು ಕಳಿಸಿದ್ದರು. ಎಕ್ಸ್‌ಪಾರ್ಟಿ ಆಯಿತು. ಈಗ ಎಕ್ಸಿಕ್ಯೂಷನ್ ಹಂತ. ಕೋರ್ಟಿನ ಅಮೀನರು ಪೊಲೀಸರ ನೆರವಿನೊಂದಿಗೆ ಬಂದು ಬೀಗ ಒಡೆಯಲೂಬಹುದು. ಎಕ್ಸ್‌ಪಾರ್ಟಿ ಡಿಕ್ರಿ ರದ್ದುಪಡಿಸಿ ಎಂದು ಕೇಳಲು ಮೂವತ್ತು ದಿನವಿರುತ್ತದೆ. ಅವರ ಮೂವತ್ತು ದಿನ ಕಳೆದು ಎರಡು ತಿಂಗಳಾಗಿದೆ. ಇನ್ನು ತಡವಾದದ್ದಕ್ಕೆ ಕಾರಣ ಹೇಳಿ ಬೇಡಿಕೊಳ್ಳಬೇಕು. “ಕೇಸೇ ಕೇಳಲಿಲ್ಲ ನಂದು” ಎನ್ನುತ್ತಾರೆ ಮುದುಕರು ಪದೇ ಪದೇ. “ನನ್ನ ಮಾತೇ ಯಾರೂ ಕೇಳಲಿಲ್ಲ.”

ನಿಮ್ಮ ಸರದಿ ಬರುತ್ತದೆ. ಮೇಜಿನ ಹಿಂದಿನ ಗುಮಾಸ್ತರು ಸಮನ್ಸ್ ತಿರುವಿ ನೋಡಿ ಒಂದು ಅರ್ಜಿ ಫಾರಂ ಕೊಡುತ್ತಾರೆ, ಕನ್ನಡದಲ್ಲೇ ತುಂಬಿ ಎನ್ನುತ್ತಾರೆ. ನೀವು ಅಂಜುತ್ತಲೇ ಕೇಳುತ್ತೀರಿ: “ಇನ್‌ಕಮ್ ಸರ್ಟಿಫಿಕೇಟ್ ಮಾಡಿಸಿಲ್ಲ ಸಾರ್…”

“ಮಹಿಳೆಯರಿಗೆ ಬೇಕಿಲ್ಲಮ್ಮ. ಆಧಾರ್ ಜೆರಾಕ್ಸ್ ಕೊಡಿ, ಸಾಕು.”

ಈ ಒಂದು ಉತ್ತರದ ಹಿಂದೆ ದೊಡ್ಡ ಚರಿತ್ರೆಯಿದೆ. ಹಣವಿಲ್ಲವೆಂದು ಯಾರಿಗೂ ನ್ಯಾಯ ತಪ್ಪಬಾರದು ಎಂಬ 39ಎ ವಿಧಿ 1976ರಲ್ಲಿ ಸಂವಿಧಾನಕ್ಕೆ ಸೇರಿತು. ಅದನ್ನು ನಡೆಸಿಕೊಡಲು 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಾಯಿತು, 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ 12ನೇ ಸೆಕ್ಷನ್ ಉಚಿತ ವಕೀಲರನ್ನು ಪಡೆಯುವವರ ಪಟ್ಟಿ ಕೊಡುತ್ತದೆ: ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ವಿಪತ್ತಿಗೆ ಸಿಕ್ಕವರು, ಬಂಧನದಲ್ಲಿರುವವರು. ಇವರಿಗೆ ಆದಾಯದ ಮಿತಿಯಿಲ್ಲ. ಉಳಿದವರಿಗೆ ಸರ್ಕಾರ ಗೊತ್ತುಮಾಡಿದ ಮಿತಿಯಿದೆ. ಇದು ಭಿಕ್ಷೆಯಲ್ಲ, ಹಕ್ಕು. ಕ್ರಿಮಿನಲ್ ಕೇಸಿಗೆ ಮಾತ್ರವಲ್ಲ, ಮನೆ ಖಾಲಿ ಮಾಡಿಸುವ ಸಿವಿಲ್ ಕೇಸಿಗೂ ಅನ್ವಯಿಸುವ ಹಕ್ಕು. ಗಂಡಸರ ಹೆಸರಿನಲ್ಲೇ ಕರಾರು ಮಾಡಿಕೊಳ್ಳುವ ನಮ್ಮ ಊರಿನಲ್ಲಿ, ಆ ಮನೆಯ ಹೆಂಗಸಿಗೆ ಹೀಗೊಂದು ಬಾಗಿಲು ತೆರೆದಿದೆ ಎಂಬುದು ತಿಳಿದಿರುವುದು ಎಷ್ಟು ಮನೆಗಳಲ್ಲಿ?

ಅರ್ಜಿಯ ಮೇಲೆ ಏಳು ದಿನದೊಳಗೆ ತೀರ್ಮಾನವಾಗಬೇಕು. ನಿಮ್ಮ ವಾಯಿದೆ ಹತ್ತಿರವಿರುವುದರಿಂದ ಎರಡೇ ದಿನದಲ್ಲಿ ಫೋನ್ ಬರುತ್ತದೆ. ಒಬ್ಬ ಪ್ಯಾನಲ್ ವಕೀಲರನ್ನು ನೇಮಿಸಿದ್ದಾರೆ.

*

ವಕೀಲೆಗೆ ಮೂವತ್ತೈದರ ಸುಮಾರು. ಕೋರ್ಟಿನ ಕಾರಿಡಾರಿನಲ್ಲೇ, ಕಿಟಕಿಯ ಕಟ್ಟೆಯ ಮೇಲೆ ಫೈಲು ಬಿಚ್ಚಿ ಮಾತಿಗೆ ಕೂರುತ್ತಾರೆ.

“ಫೀಸ್ ಅಂತ ನೀವು ನನಗೆ ಒಂದು ರೂಪಾಯಿನೂ ಕೊಡಬೇಕಾಗಿಲ್ಲ ಅಮ್ಮ. ಯಾರು ಕೇಳಿದ್ರೂ ಕೊಡಬೇಡಿ. ಈಗ ಹೇಳಿ, ಬಾಡಿಗೆ ಕೊಟ್ಟಿದ್ದಕ್ಕೆ ಏನಾದ್ರೂ ಬರವಣಿಗೆ ಇದೆಯಾ?”

ನೀವು ಪ್ಲಾಸ್ಟಿಕ್ ಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆಯುತ್ತೀರಿ. ರಟ್ಟು ಕಿತ್ತುಹೋಗಿದೆ. ತಿಂಗಳು, ಮೊತ್ತ, ಹಳೆಯ ಓನರ್ ಸಹಿ. 1998ರಿಂದ ಸಾಲುಸಾಲಾಗಿ. ವಕೀಲೆಯ ಕಣ್ಣು ಅರಳುತ್ತದೆ. ಪುಟ ಹಿಂದಕ್ಕೆ ತಿರುವುತ್ತಾ ಹೋಗಿ ಒಂದು ಕಡೆ ಬೆರಳಿಡುತ್ತಾರೆ: 2001ನೇ ಇಸವಿ, ಡಿಸೆಂಬರ್, 900 ರೂಪಾಯಿ.

“ಇದು ನೋಡಿ ಮುಖ್ಯ.”

ಅವರು ವಿವರಿಸುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆಯ ಲೆಕ್ಕ 3,500 ರೂಪಾಯಿ ದಾಟಿದರೆ ಆ ಮನೆ ಕಾಯ್ದೆಯ ಹೊರಗೆ. ಅಂಗಡಿಯಾದರೆ ಅಳತೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ. ಅದಕ್ಕಿಂತ ದೊಡ್ಡದು ಕಾಯ್ದೆಯ ಹೊರಗೆ. ಹೊರಗಿನವರಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅದರ 106ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆದಾರನಿಗೆ ಹದಿನೈದು ದಿನದ ನೋಟಿಸು ಸಾಕು. ಏಕೆ ಬಿಡಿಸುತ್ತೇನೆಂದು ಓನರ್ ಕಾರಣ ಹೇಳಬೇಕಾಗಿಲ್ಲ. ಇಂದು ಈ ಊರಿನಲ್ಲಿ ಒಂದು ಕೋಣೆಗೂ ಮೂರೂವರೆ ಸಾವಿರಕ್ಕಿಂತ ಹೆಚ್ಚು ಕೊಡಬೇಕು. ಹಾಗಾಗಿ ಬಹುಪಾಲು ಬಾಡಿಗೆದಾರರು ನಿಂತಿರುವುದು ಈ ಹದಿನೈದು ದಿನದ ಅಂಚಿನಲ್ಲಿ.

“ನಿಮ್ಮ ಓನರ್ ವಕೀಲರು 106ರ ನೋಟಿಸು ಕೊಟ್ಟು ದಾವೆ ಹಾಕಿದಾರೆ, ನೀವು ಕಾಯ್ದೆಯ ಹೊರಗಿನವರು ಅನ್ನೋ ಹಾಗೆ. ಆದರೆ ನೀವು ಒಳಗಿದೀರಿ. ಒಳಗಿರೋರನ್ನ ಎಬ್ಬಿಸಬೇಕಾದ್ರೆ 27ನೇ ಸೆಕ್ಷನ್ನಲ್ಲಿ ಬರೆದಿರೋ ಕಾರಣಗಳಲ್ಲಿ ಒಂದನ್ನ ಹೇಳಿ, ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಬಾಡಿಗೆ ಬಾಕಿ, ಬೇರೆಯವರಿಗೆ ಒಳಬಾಡಿಗೆ, ಕೆಡವಿ ಕಟ್ಟೋದು, ಸ್ವಂತಕ್ಕೆ ಬೇಕು ಅನ್ನೋದು, ಹೀಗೆ. ಬರೀ ನೋಟಿಸ್ ಕೊಟ್ಟೆ ಅಂದ್ರೆ ಸಾಲದು.”

ನಿಮಗೆ ಪೂರ್ತಿ ಅರ್ಥವಾಗುವುದಿಲ್ಲ. ಆದರೆ ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಉಸಿರು ಸರಾಗವಾಗುತ್ತದೆ. ಆಗಲೇ ಅವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: “ಯಜಮಾನರು ತೀರಿಕೊಂಡು ಎಷ್ಟು ವರ್ಷ ಆಯ್ತು?”

“ಮೂರು.”

ವಕೀಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. “ಸುಳ್ಳು ಧೈರ್ಯ ಹೇಳಲ್ಲ ಅಮ್ಮ. ಕರಾರು ಅವರ ಹೆಸರಲ್ಲಿತ್ತು. ಬಾಡಿಗೆದಾರ ಸತ್ತರೆ ಆ ಹಕ್ಕು ಅವರ ಜತೆ ವಾಸವಿದ್ದ, ಅವರನ್ನೇ ನಂಬಿದ್ದ ಹೆಂಡತಿಗೆ ಬರುತ್ತೆ. ಆದರೆ ಐದು ವರ್ಷಕ್ಕೆ ಮಾತ್ರ. 5ನೇ ಸೆಕ್ಷನ್. ನಿಮಗಿನ್ನೂ ಎರಡು ವರ್ಷ ಇದೆ. ಆ ಎರಡು ವರ್ಷ ನಿಮ್ಮದು, ಅದನ್ನ ಯಾರೂ ಕಿತ್ಕೊಳ್ಳದ ಹಾಗೆ ನೋಡ್ಕೊಳ್ಳೋಣ.”

ಹತ್ತು ವರ್ಷ ಎಳೆಯೋಣ ಎಂದವನ ಮಾತನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿ. ಒಳ್ಳೆಯ ವಕೀಲರು ಕೊಡುವ ಮೊದಲ ವಸ್ತು ಸತ್ಯ. ಎಷ್ಟು ಇದೆ, ಎಷ್ಟು ಇಲ್ಲ ಎಂಬ ಲೆಕ್ಕ. ಅದು ತಿಳಿದವರು ಮುಂದಿನ ಬದುಕನ್ನು ಹೊಂದಿಸಿಕೊಳ್ಳಬಲ್ಲರು.

ಸಂಜೆಯೊಳಗೆ ವಕಾಲತ್ತಿಗೆ ಸಹಿಯಾಗುತ್ತದೆ. ಡಬ್ಬಿಯಲ್ಲಿದ್ದ ಮೂರು ತಿಂಗಳ ಬಾಡಿಗೆಯನ್ನು ಓನರ್ ಖಾತೆಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ, ಅದೂ ಆಗದಿದ್ದರೆ ಕೋರ್ಟಿನಲ್ಲೇ ಠೇವಣಿ ಇಡೋಣ ಎನ್ನುತ್ತಾರೆ. “ಬಾಡಿಗೆ ನಿಲ್ಲಿಸಿದರೆ ಓನರ್ ಕೈಗೆ ನೀವೇ ಒಂದು ಕಾರಣ ಕೊಟ್ಟ ಹಾಗೆ.” ರೇಷನ್ ಕಾರ್ಡು, ವೋಟರ್ ಐಡಿ, ಯಜಮಾನರ ಮರಣ ಪತ್ರ, ಕರೆಂಟ್ ಬಿಲ್ಲು, ಎಲ್ಲದರ ಜೆರಾಕ್ಸ್ ಫೈಲು ಸೇರುತ್ತವೆ. ಲಿಖಿತ ಹೇಳಿಕೆ ಸಲ್ಲಿಸಲು ಸಮನ್ಸ್ ಮುಟ್ಟಿದ ದಿನದಿಂದ ಮೂವತ್ತು ದಿನ. ಸರಿಯಾದ ಕಾರಣ ಕೊಟ್ಟರೆ ತೊಂಬತ್ತರವರೆಗೆ. ನೀವು ಪ್ರಾಧಿಕಾರಕ್ಕೆ ಬಂದದ್ದು ಎರಡನೆಯ ದಿನ.

*

ವಾಯಿದೆಯ ದಿನ. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೀರಿ. ಗೋಡೆಯ ಮೇಲೆ ಗಾಂಧೀಜಿಯ ಪಟ. ಎತ್ತರದ ಪೀಠದಲ್ಲಿ ನ್ಯಾಯಾಧೀಶರು, ಕೆಳಗೆ ಬೆಂಚ್ ಕ್ಲರ್ಕ್, ಸುತ್ತ ಫೈಲುಗಳ ಗುಡ್ಡೆ. ದಲಾಯತರು ಕೂಗುತ್ತಾರೆ, ಹೆಸರುಗಳು ಹಾಲಿನಿಂದ ಕಾರಿಡಾರಿಗೆ ಹೋಗುತ್ತವೆ. ಕೆಲವು ಹೆಸರಿಗೆ ಓಡಿ ಬರುವವರಿದ್ದಾರೆ. ಕೆಲವು ಹೆಸರನ್ನು ಮೂರು ಸಲ ಕೂಗಿದರೂ ಯಾರೂ ಬರುವುದಿಲ್ಲ. ಕ್ಲರ್ಕ್ ಏನೋ ಬರೆದುಕೊಳ್ಳುತ್ತಾರೆ. ಒಂದು ಸಾಲು ಅಷ್ಟೇ. ಎಲ್ಲೋ ಒಂದು ಮನೆಯಲ್ಲಿ, ತಮ್ಮ ಕೇಸು ಎಕ್ಸ್‌ಪಾರ್ಟಿ ಆಯಿತೆಂದು ತಿಳಿಯದೆ, ಮಧ್ಯಾಹ್ನದ ಊಟಕ್ಕೆ ಕೂತಿರುತ್ತಾರೆ.

ಕಾಯುವಾಗ ಪಕ್ಕದ ಹಿರಿಯ ವಕೀಲರೊಬ್ಬರು ಕಿರಿಯರಿಗೆ ಹಳೆಯ ಕಾಲ ಹೇಳುತ್ತಿರುವುದು ಕಿವಿಗೆ ಬೀಳುತ್ತದೆ. ಮೈಸೂರು ಸಂಸ್ಥಾನದ ಕಡೆ 1951ರಲ್ಲೇ ಬಾಡಿಗೆ ನಿಯಂತ್ರಣದ ಕಾಯ್ದೆಯಿತ್ತು. ಆಮೇಲೆ 1961ರದು ಬಂತು. ಮನೆ ಖಾಲಿಯಾದರೆ ಓನರ್ ರೆಂಟ್ ಕಂಟ್ರೋಲರ್‌ಗೆ ತಿಳಿಸಬೇಕಿತ್ತು, ಅವರು ಯಾರಿಗೆ ಹಂಚಿದರೋ ಅವರಿಗೆ ಕೊಡಬೇಕಿತ್ತು. ಸ್ವಂತಕ್ಕೆ ಬೇಕು ಎಂದು ಓನರ್ ಆ ಕಾಯ್ದೆಯ ‘ಇಪ್ಪತ್ತೊಂದು ಎಚ್’ ಸೆಕ್ಷನ್ನಿನಡಿ ಅರ್ಜಿ ಹಾಕಿದರೆ, ಬಿಟ್ಟುಕೊಡುವುದರಿಂದ ಬಾಡಿಗೆದಾರನಿಗೆ ಹೆಚ್ಚು ಕಷ್ಟವೋ, ಸಿಗದಿದ್ದರೆ ಓನರಿಗೆ ಹೆಚ್ಚು ಕಷ್ಟವೋ ಎಂದು ಕೋರ್ಟು ತೂಗಿ ನೋಡುತ್ತಿತ್ತು. ಆ ತೂಕ ಈಗಿನ ಕಾಯ್ದೆಯಲ್ಲಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಓನರುಗಳೂ ನೊಂದರು. ಚಿಲ್ಲರೆ ಬಾಡಿಗೆಗೆ ಜಾಗ ಸಿಕ್ಕಿಹಾಕಿಕೊಂಡು, ಕಟ್ಟಡ ರಿಪೇರಿ ಮಾಡಿಸಲಾಗದೆ ಸೋತರು. ಅದೂ ಸತ್ಯ. ಆದರೆ ರಕ್ಷಣೆ ತೆಳುವಾದಷ್ಟೂ ಉಳಿದಿರುವ ರಕ್ಷಣೆಯನ್ನು ಗುರುತಿಸಿ ಹೇಳುವವರು ಹೆಚ್ಚು ಬೇಕಾಗುತ್ತಾರೆ.

ನಿಮ್ಮ ನಂಬರ್ ಕೂಗುತ್ತಾರೆ. ಎದ್ದು ನಿಲ್ಲುತ್ತೀರಿ. ಮೊಣಕಾಲು ನಡುಗುತ್ತದೆ.

“ಪ್ರತಿವಾದಿ ಪರ ವಕಾಲತ್ತು ಹಾಕಿದೀನಿ ಸ್ವಾಮಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ. ಲಿಖಿತ ಹೇಳಿಕೆ ಸಲ್ಲಿಸ್ತಾ ಇದೀನಿ. ದಾವೆ ಈ ರೂಪದಲ್ಲಿ ನಡೆಯಲ್ಲ ಅನ್ನೋದು ನಮ್ಮ ತಕರಾರು.”

ಓನರ್ ಕಡೆಯ ವಕೀಲರು ತಲೆಯೆತ್ತಿ ನೋಡುತ್ತಾರೆ. ಈ ಹಿಂಬದಿ ಮನೆಯಿಂದ ಯಾರೂ ಬರುವುದಿಲ್ಲ ಎಂದುಕೊಂಡಿದ್ದಂತೆ ಕಾಣುತ್ತದೆ. ನ್ಯಾಯಾಧೀಶರು ಹೇಳಿಕೆಯ ಪುಟ ತಿರುವಿ, ಬಾಡಿಗೆ ಪುಸ್ತಕದ ಪ್ರತಿ ನೋಡಿ, ನಿಮ್ಮ ಕಡೆ ತಿರುಗಿ ಕನ್ನಡದಲ್ಲೇ ಕೇಳುತ್ತಾರೆ: “ಎಷ್ಟು ವರ್ಷದಿಂದ ಇದೀರಮ್ಮ?”

ನೀವು ಹೇಳುತ್ತೀರಿ. ಕೋರ್ಟಿನ ಕಡತಕ್ಕೆ ಈಗ ನಿಮ್ಮ ಮಾತೂ ಸೇರಿದೆ.

ಒಂದೆರಡು ವಾಯಿದೆಯ ನಂತರ ಎರಡೂ ಕಡೆಯವರು ಒಪ್ಪಿ, ಕೇಸು ಮಧ್ಯಸ್ಥಿಕೆಗೆ ಹೋಗುತ್ತದೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ 2007ರಿಂದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ. ಅಲ್ಲಿ ಪೀಠವಿಲ್ಲ. ಒಂದು ಮೇಜು, ಸುತ್ತ ಕುರ್ಚಿ, ನಡುವೆ ತರಬೇತಾದ ಮಧ್ಯಸ್ಥಗಾರರು. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗುವುದೂ ಇಲ್ಲ.

ಓನರ್ ಮಗ ಎದುರಿಗೆ ಕೂತಿದ್ದಾರೆ. ನಿಮ್ಮ ಮನೆಯ ಕೈತುತ್ತು ತಿಂದು ಬೆಳೆದ ಹುಡುಗ. ಅವರ ಮುಖದಲ್ಲೂ ನಿದ್ದೆಯಿಲ್ಲ. ಕಟ್ಟಲು ಮುಂಗಡ ಕೊಟ್ಟವರು ಒತ್ತಾಯಿಸುತ್ತಿದ್ದಾರೆ. ಎರಡು ತಿಂಗಳಲ್ಲಿ ಬಿಡಿ ಎಂಬಲ್ಲಿಂದ ಮಾತು ಶುರುವಾಗುತ್ತದೆ. ನಿಮ್ಮ ವಕೀಲೆ 5ನೇ ಸೆಕ್ಷನ್ ಮೇಜಿನ ಮೇಲಿಡುತ್ತಾರೆ, 27ನೆಯದನ್ನೂ. ಕೇಸು ಪೂರ್ತಿ ನಡೆದು ಹೈಕೋರ್ಟಿಗೆ ರಿವಿಷನ್ ಹೋದರೆ ಯಾರಿಗೆ ಎಷ್ಟು ಸಮಯ, ಎಷ್ಟು ಖರ್ಚು ಎಂಬ ಲೆಕ್ಕ ಎರಡೂ ಕಡೆಯವರಿಗೆ ಕಾಣುತ್ತದೆ. ಮೂರನೆಯ ಸಲ ಕೂತಾಗ ಒಪ್ಪಂದವಾಗುತ್ತದೆ. ಹದಿನೆಂಟು ತಿಂಗಳು ಮನೆಯಲ್ಲಿರಬಹುದು. ಕೊನೆಯ ಆರು ತಿಂಗಳ ಬಾಡಿಗೆ ಮನ್ನಾ. ಬೀಗದ ಕೈ ಕೊಡುವ ದಿನವೇ ಅಡ್ವಾನ್ಸ್ ವಾಪಸು, ಸಾಮಾನು ಸಾಗಿಸಲು ಒಂದು ಮೊತ್ತ. ಅಲ್ಲಿಯವರೆಗೆ ನೀರು, ಕರೆಂಟು ನಿಲ್ಲಿಸುವಂತಿಲ್ಲ. ನೀವೂ ಆ ದಿನಕ್ಕೆ ಬಿಟ್ಟುಕೊಡುತ್ತೇನೆಂದು ಬರೆದುಕೊಡುತ್ತೀರಿ. ಕೋರ್ಟು ಅದರಂತೆ ಡಿಕ್ರಿ ಮಾಡುತ್ತದೆ.

ಮನೆ ಉಳಿಯಲಿಲ್ಲ. ಆದರೆ ಹದಿನೈದು ದಿನ ಹದಿನೆಂಟು ತಿಂಗಳಾಯಿತು. ಕೆಲಸದ ಜಾಗಕ್ಕೆ ಹತ್ತಿರ ಇನ್ನೊಂದು ಮನೆ ನೋಡಲು, ನಾಲ್ಕು ಕಾಸು ಕೂಡಿಡಲು ಸಮಯ ಸಿಕ್ಕಿತು. ಬಾಡಿಗೆದಾರರಿಗೆ ವಕೀಲರು ಬೇಕು ಎನ್ನುವುದು ಇನ್ನೊಬ್ಬರ ಆಸ್ತಿಯನ್ನು ಕೈವಶ ಮಾಡಿಕೊಳ್ಳಲು ಅಲ್ಲ. ಬಿಡಬೇಕಾದ ಮನೆಯನ್ನು ಮನುಷ್ಯರ ಹಾಗೆ ಬಿಡಲು.

*

ಈಗ ಆ ಮುದುಕರನ್ನು ನೆನೆಯಿರಿ. ಅವರಿಗೂ ನಿಮಗೂ ಇದ್ದ ವ್ಯತ್ಯಾಸ ಕಾನೂನಿನದ್ದಲ್ಲ, ತಿಳಿವಳಿಕೆಯದ್ದು. ಅದೂ ಅಕಸ್ಮಾತ್ ಸಿಕ್ಕಿದ್ದು. ಗೇಟಿನಲ್ಲಿ ಒಬ್ಬ ಪೇದೆ ದಾರಿ ತೋರಿಸಿದಳು. ತೋರಿಸದಿದ್ದರೆ?

ಒಂದು ಹಕ್ಕು ಅದೃಷ್ಟದ ಮೇಲೆ ನಿಲ್ಲಬಾರದು. 2017ರಲ್ಲಿ ನ್ಯೂಯಾರ್ಕ್ ನಗರ ಒಂದು ಕಾನೂನು ಮಾಡಿತು: ಮನೆ ಖಾಲಿ ಮಾಡಿಸುವ ಕೇಸಿನಲ್ಲಿ ಸಿಕ್ಕ ಕಡಿಮೆ ಆದಾಯದ ಬಾಡಿಗೆದಾರರಿಗೆ ನಗರದ ಖರ್ಚಿನಲ್ಲೇ ವಕೀಲರು. ಅಮೆರಿಕದಲ್ಲಿ ಅಂಥ ಕಾನೂನು ಮಾಡಿದ ಮೊದಲ ನಗರ ಅದು. ನಮಗೆ ಹೊಸ ಹಕ್ಕು ಬರೆಯುವ ಕೆಲಸವೂ ಇಲ್ಲ, 1987ರಲ್ಲೇ ಬರೆದಾಗಿದೆ. ಉಳಿದಿರುವುದು ಅದನ್ನು ಬಾಗಿಲಿಗೆ ತಲುಪಿಸುವ ಕೆಲಸ.

ಮಾಡಬೇಕಾದದ್ದು ಮೂರು. ಮನೆ ಖಾಲಿ ಮಾಡಿಸುವ ಪ್ರತಿ ಸಮನ್ಸಿನ ಜತೆಗೆ ಕನ್ನಡದಲ್ಲಿ ಒಂದು ಚೀಟಿ ಇರಬೇಕು: ನಿಮಗೆ ಉಚಿತ ವಕೀಲರು ಸಿಗಬಹುದು, ಇಂಥ ದಿನದೊಳಗೆ ಇಲ್ಲಿಗೆ ಬನ್ನಿ. ಬಾಡಿಗೆ ಕೇಸು ನಡೆಯುವ ಪ್ರತಿ ಕೋರ್ಟ್ ಹಾಲಿನ ಬಾಗಿಲಲ್ಲಿ ಪ್ರಾಧಿಕಾರದ ಒಬ್ಬ ವಕೀಲರು ಇರಬೇಕು, ಒಂಟಿಯಾಗಿ ಬಂದವರ ಕೈ ಹಿಡಿಯಲು. ಮೂರನೆಯದು ವಕೀಲರ ಬಗ್ಗೆ. ಕ್ರಿಮಿನಲ್ ಕೇಸುಗಳ ಆರೋಪಿಗಳಿಗಾಗಿ ಪೂರ್ಣಾವಧಿ ವಕೀಲರ ಕಚೇರಿಗಳನ್ನು ಪ್ರಾಧಿಕಾರಗಳು ಈಗ ನಡೆಸುತ್ತಿವೆ. ಅದು ಒಳ್ಳೆಯ ಕೆಲಸ. ಮನೆ ಕಳೆದುಕೊಳ್ಳುವವರ ಪಾಲಿಗೆ ಮಾತ್ರ ಇಂದಿಗೂ ತಮ್ಮ ಬೇರೆ ಕೇಸುಗಳ ನಡುವೆ ಸಣ್ಣ ಗೌರವಧನಕ್ಕೆ ದುಡಿಯುವ ಪ್ಯಾನಲ್ ವಕೀಲರೇ ಆಸರೆ. ಅವರ ಗೌರವಧನ ಏರಬೇಕು, ಬಾಡಿಗೆ ಕೇಸುಗಳಿಗೂ ಪೂರ್ಣಾವಧಿಯವರು ಬೇಕು.

ಇದನ್ನು ಓದುತ್ತಿರುವ ನೀವು ಬಾಡಿಗೆ ಮನೆಯಲ್ಲಿದ್ದರೆ ಇಷ್ಟು ನೆನಪಿಡಿ. ಬಾಡಿಗೆಯನ್ನು ಬ್ಯಾಂಕಿನ ಮೂಲಕ ಕೊಡಿ, ಕೈಯಲ್ಲಿ ಕೊಟ್ಟರೆ ಸಹಿ ಹಾಕಿಸಿಕೊಳ್ಳಿ. ಲೀಸಿಗೆ ಲಕ್ಷಗಟ್ಟಲೆ ಕೊಡುವ ಮುನ್ನ ಮನೆಯ ಮೇಲೆ ಸಾಲವಿದೆಯೇ ನೋಡಿ, ಪತ್ರವನ್ನು ರಿಜಿಸ್ಟರ್ ಮಾಡಿಸಿ. ಕೋರ್ಟಿನ ಆದೇಶವಿಲ್ಲದೆ ಯಾರಾದರೂ ಸಾಮಾನು ಹೊರಗೆ ಹಾಕಿ ಬೀಗ ಜಡಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇರುವುದು ಅದಕ್ಕೇ. ಸಮನ್ಸ್ ಬಂದರೆ ತೆಗೆದುಕೊಳ್ಳಿ, ತಾರೀಖು ನೋಡಿ, ಅದೇ ವಾರ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿ. ನಿಮ್ಮ ಓಣಿಯಲ್ಲಿ ಯಾರಾದರೂ “ತಗೋಬೇಡಿ” ಎಂದರೆ, ತಗೊಳ್ಳಿ ಎಂದು ಹೇಳುವ ಇನ್ನೊಂದು ದನಿ ನಿಮ್ಮದಾಗಲಿ.